ಘಾಟಿಯಾಗ ಗಾಡಿ ಬಂದ್ ಬೀಳ್ತೈತಿ, ಎಲ್ಲಾ ನೋಡಿ ಆಯ್ತು, ಯಾರಾದ್ರೂ ಹೇಳ್ರಿ

ಹರಿಗೋಲು, ಗಂಗಾವತಿ

ಸಾಕಾಗಿ ಹೋಗೈತಿ. 350 ಸಿಸಿ, ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಗಾಡಿ, 2013ರದು. ಮನಾಲಿ-ಲೇಹ್ ದಾರಿ ಘಾಟಿಯಾಗ 6-7 ಕಿ.ಮೀ. ಚಲೋ ಓಡ್ತೈತಿ, ಆಮ್ಯಾಲೆ ಗುಕ್ ಗುಕ್ ಅಂತ ಕೆಮ್ಮಿ ನಿಂತುಬಿಡ್ತೈತಿ. ಹತ್ತು ಹದಿನೈದು ನಿಮಿಷ ಬಿಟ್ಟು ಒದ್ದರ ಮತ್ತ ಚಾಲೂ. ಹೊಸ ಪ್ಲಗ್ ಹಾಕೀನಿ, ಏರ್ ಫಿಲ್ಟರ್ ಜಾಡಿಸೀನಿ, ಕಾಯಿಲ್ ವೈರ್ ನೋಡೀನಿ. ಹಳೇ ಪ್ಲಗ್ ಕರ್ರಗ ಮಸಿ ಹಿಡಿದಿತ್ತು. ಈಗ ಲೇಹ್‌ನಾಗ ಅದೀನಿ, ನಾಡಿದ್ದು ಖರ್ದುಂಗ್ ಲಾ (ಲಾ ಅಂದ್ರ ಬೆಟ್ಟ ದಾಟೋ ಪಾಸ್). ಇಲ್ಲಿ ಮೆಕ್ಯಾನಿಕ್ ಒಬ್ಬೊಬ್ಬ ಒಂದೊಂದು ಹೇಳ್ತಾನ. ಹಿಂದ ಕೂತವ ದಾರಿಯಾಗ ಸರ್ಚು ಅನ್ನೋ ತಂಗೋ ಜಾಗದಾಗ ರಾತ್ರಿಯೆಲ್ಲಾ ವಾಂತಿ ಮಾಡ್ಕೊಂಡ, ಅದು ಬ್ಯಾರೆ ಮಾತು. ಗಾಡಿದು ಹೇಳ್ರಿ.

ಜೆಟ್ ಮಾಸ್ತರ, ಬಳ್ಳಾರಿ

ಪ್ಲಗ್ ಕರ್ರಗೆ ಅಂದ್ಮೇಲೆ ಮುಗೀತು, ರಿಚ್ ಆಗೈತೆ, ಅಂದ್ರೆ ಗಾಳಿಗಿಂತ ಪೆಟ್ರೋಲ್ ಜಾಸ್ತಿ. ಬಳ್ಳಾರಿ ಇರೋದು ಸಮುದ್ರಮಟ್ಟದಿಂದ 500 ಮೀಟರ್ ಆಸುಪಾಸು. ನೀವು ದಾಟಿ ಬಂದ ತಂಗ್ಲಂಗ್ ಲಾ 5,328 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸು ಮೇಲೆ, ಅಷ್ಟೇ. ಕಾರ್ಬಿಗೆ ಅದೇನು ಗೊತ್ತು? ಪೆಟ್ರೋಲ್ ಬಿಡೋ ಜೆಟ್ಟಿನ ತೂತು ಅಷ್ಟೇ ಇರುತ್ತೆ, ಗಾಳಿ ತೆಳುವಾದಷ್ಟು ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಏರುತ್ತೆ. ಸಾಂದ್ರತೆಯ ವರ್ಗಮೂಲದ ಲೆಕ್ಕ ಹಿಡಿದರೆ ಆ ಎತ್ತರದಲ್ಲಿ ಕಾಲು ಭಾಗಕ್ಕಿಂತ ಹೆಚ್ಚೇ ರಿಚ್.

ಮೇನ್ ಜೆಟ್ ಎರಡು ಸೈಜ್ ಕೆಳಗಿನದು ಹಾಕಿ. ಸೂಜಿಯ ಕ್ಲಿಪ್ ಒಂದು ಕಚ್ಚು ಮೇಲಕ್ಕೆ, ಅಂದ್ರೆ ಸೂಜಿ ಕೆಳಗಿಳಿಯುತ್ತೆ. ಪೈಲಟ್ ಸ್ಕ್ರೂ (ಐಡಲ್ ಮಿಶ್ರಣದ್ದು) ಕಾಲು ಸುತ್ತು ಹೊರಗೆ. ಮನಾಲಿಗೆ ವಾಪಸ್ ಇಳಿದ ದಿನವೇ ಹಳೇ ಜೆಟ್ ಹಾಕ್ಬೇಕು, ಮರೀಬೇಡಿ. ಲೀನ್, ಅಂದ್ರೆ ಪೆಟ್ರೋಲ್ ಕಡಿಮೆಯಾದ ಗಾಡಿ ನಮ್ಮ ಬಿಸಿಲಲ್ಲಿ ಓಡಿಸಿದರೆ ಪಿಸ್ಟನ್ ಹಿಡಿಯುತ್ತೆ.

ಒಗ್ಗರಣಿ ಮಿರ್ಚಿ, ಹೊಸಪೇಟೆ

ಮಾಸ್ತರ್ರೇ, ಸ್ಕ್ರೂ ಹೊರಗೆ ತಿರುಗಿಸಿದ್ರೆ ಇನ್ನೂ ರಿಚ್ ಆಗುತ್ತಲ್ರೀ.

ಜೆಟ್ ಮಾಸ್ತರ, ಬಳ್ಳಾರಿ

ಏರ್ ಸ್ಕ್ರೂ ಆದ್ರೆ ಹೊರಗೆ ಅಂದ್ರೆ ಲೀನ್. ಮೂವತ್ತು ವರ್ಷದಿಂದ ಅದೇ.

ಒಗ್ಗರಣಿ ಮಿರ್ಚಿ, ಹೊಸಪೇಟೆ

ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ರೆ ಅದು ಗಾಳಿ ಸ್ಕ್ರೂ, ನಿಮ್ಮ ಮಾತು ಖರೆ. ಸ್ಲೈಡಿನಿಂದ (ಕಾರ್ಬಿನ ಒಳಗೆ ಗಾಳಿ ತಡೆದು ಬಿಡೋ ಭಾಗ) ಎಂಜಿನ್ ಕಡೆ ಇದ್ರೆ ಪೆಟ್ರೋಲ್ ಸ್ಕ್ರೂ, ಒಳಗೆ ತಿರುಗಿಸಿದ್ರೆ ಲೀನ್. ಇವರ ಗಾಡಿಯ ಸಿವಿ ಕಾರ್ಬಲ್ಲಿ (ಎಂಜಿನ್ನಿನ ನಿರ್ವಾತಕ್ಕೆ ಸ್ಲೈಡ್ ತಾನೇ ಏಳೋ ಜಾತಿ) ಎಂಜಿನ್ ಕಡೆ ಇರೋದು. ಸಿವಿ ಕಾರ್ಬು ಎತ್ತರಕ್ಕೆ ತಾನೇ ಸ್ವಲ್ಪ ಹೊಂದಿಕೊಳ್ಳುತ್ತೆ, ಪೂರ್ತಿ ಅಲ್ಲ ಬಿಡ್ರಿ.

ಜೆಟ್ ಮಾಸ್ತರ, ಬಳ್ಳಾರಿ

ಯಾವ ಕಡೆ ಅಂತ ಗಾಡಿ ಮುಂದೆ ಕೂತವರು ನೋಡ್ಕೋತಾರೆ. ಜೆಟ್ ಬದಲಿಸೋದು ತಪ್ಪೋದಿಲ್ಲ.

ಕರಿಮಣ್ಣು, ಸಿಂಧನೂರು

ಪೆಟ್ರೋಲ್ ಎಲ್ಲಿ ಹಾಕಿಸಿದಿ ತಮ್ಮಾ? ಅದು ಹೇಳಲಾರದ ಜೆಟ್ಟು ಸೂಜಿ ಅಂತ ಏನ್ ಮಾತಾಡೋದು?

ಹರಿಗೋಲು, ಗಂಗಾವತಿ

ತಾಂಡಿ ಪಂಪಿನಾಗ ಟ್ಯಾಂಕ್ ಫುಲ್. ಮುಂದಿನ ಪಂಪು 365 ಕಿ.ಮೀ. ಅಂತ ಅಲ್ಲೇ ಬೋರ್ಡ್ ಐತಲ್ಲ, ಅದಕ್ಕ 5 ಲೀಟರಿನ ಎರಡು ಕ್ಯಾನ್ ಬ್ಯಾರೆ ತುಂಬಿಸಿದ್ದೆ. ಬಾರಾಲಾಚಾ ಲಾ ತುದಿಗೆ ಒಂದು ಕ್ಯಾನಿಂದ 3 ಲೀಟರ್ ಸುರಿದೆ, ಉಳಿದ 7 ತಂಗ್ಲಂಗ್ ಲಾ ತುದಿಗೆ. ಎರಡು ಸಲಾನೂ ಸುರಿದ ಮ್ಯಾಲೇ ಕಾಟ ಶುರು ಆಗೈತಿ, ಈಗ ಬರಿವಾಗ ಹೊಳೀತು!

ಕರಿಮಣ್ಣು, ಸಿಂಧನೂರು

ಹಂಗಾದ್ರ ಕ್ಯಾನಿನ ಪೆಟ್ರೋಲಿನಾಗ ನೀರು. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ಸ್ವಲ್ಪ ನೀರು ಕುಡಿದು ಸುಮ್ಮನಿರ್ತೈತಿ. ಹೆಚ್ಚಾದ್ರ ಎಥೆನಾಲೂ ನೀರೂ ಕೂಡಿ ಬ್ಯಾರೆ ಪದರಾಗಿ ತಳಕ್ಕ ಕೂಡ್ತಾವು, ಟ್ಯಾಂಕ್ ತಳದ ಪೆಟ್ರೋಲ್ ಕಾಕ್ ಅಲ್ಲಿಂದಲೇ ಎಳೀತೈತಿ. ಫ್ಲೋಟ್ ಬೌಲಿನ (ಕಾರ್ಬಿನ ತಳದಾಗ ಪೆಟ್ರೋಲ್ ನಿಲ್ಲೋ ಬಟ್ಟಲು) ಕೆಳಗ ಡ್ರೇನ್ ಸ್ಕ್ರೂ ಐತಲ್ಲ, ಅದನ್ನ ಸಡಿಲ ಮಾಡಿ ಬಿಳಿ ಗಾಜಿನ ಬಾಟಲಿಯಾಗ ಕಾಲು ಲೀಟರ್ ಹಿಡಿ. ಐದು ನಿಮಿಷ ಅಲುಗಾಡಿಸಬ್ಯಾಡ. ತಳದಾಗ ಗೆರೆಯಾಗಲಿ ಗುಳ್ಳಿಯಾಗಲಿ ಕಂಡರ ನೀರೈತಿ ಅಂತ ಲೆಕ್ಕ. ಎಂಜಿನ್ ಪೂರ್ತಿ ಆರಿದ ಮ್ಯಾಲೆ ಮಾಡು, ಬೀಡಿ ಸೇದವರನ್ನ ದೂರ ಕಳಿಸು.

ಮತ್ತ ಕ್ಯಾನ್ ಕುತ್ತಿಗೆ ತನಕ ತುಂಬಬಾರದು, ಹತ್ತರಾಗ ಒಂದು ಪಾಲು ಖಾಲಿ ಬಿಡಬೇಕು. ಮ್ಯಾಲೆ ಹೋದಂಗ ಊದ್ತೈತಿ, ಮುಚ್ಚಳ ಮೆಲ್ಲಕ ಬಿಚ್ಚಬೇಕು.

ಏಕಶಿಲೆ, ಬಳ್ಳಾರಿ

ಎಲ್ಲರೂ ಗಾಡಿ ಹಿಡ್ಕೊಂಡು ಕೂತಿದ್ದೀರಿ. ಹಿಂದೆ ಕೂತವರು ಸರ್ಚುವಲ್ಲಿ ರಾತ್ರಿಯೆಲ್ಲಾ ವಾಂತಿ ಮಾಡಿಕೊಂಡಿದ್ದಾರೆ ಅಂತಿದೆಯಲ್ಲ, ಅದನ್ನ ಯಾರೂ ಓದಲಿಲ್ವಾ? ಸರ್ಚು 4,290 ಮೀಟರ್. ಅದಕ್ಕೂ ಮೊದಲು ಸಿಗೋ ಊರು ಜಿಸ್ಪಾ 3,200ರ ಆಸುಪಾಸು. ನಡೆದು ಪಾಸ್ ದಾಟೋರು 3,000 ಮೀಟರ್ ಆದಮೇಲೆ ಮಲಗೋ ಜಾಗವನ್ನ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸೋದಿಲ್ಲ, ಮೂರು ನಾಲ್ಕು ದಿನಕ್ಕೊಂದು ದಿನ ಅಲ್ಲೇ ಉಳೀತಾರೆ. ಗಾಡಿಯವರು ಒಂದೇ ಮಧ್ಯಾಹ್ನದಲ್ಲಿ ಸಾವಿರ ಮೀಟರ್ ಹತ್ತಿ ಡೇರೆಯಲ್ಲಿ ಬೀಳ್ತೀರಿ. ಪಾಸ್ ದಾಟೋದರಿಂದ ಅಷ್ಟು ತೊಂದರೆ ಇಲ್ಲ, ಎತ್ತರದಲ್ಲಿ ಮಲಗೋದರಿಂದ ತೊಂದರೆ.

ಈಗ ಅವರು ಹೇಗಿದ್ದಾರೆ? ಕೂತಲ್ಲೇ ಏದುಸಿರು, ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ ಮಿದುಳಿಗೆ ಊತ. ಎರಡರಲ್ಲಿ ಯಾವುದಾದರೂ ಆಸ್ಪತ್ರೆ, ಆಕ್ಸಿಜನ್, ಕೆಳಗಿಳಿಯೋದು. ಖರ್ದುಂಗ್ ಲಾ ಮಾತೇ ಇಲ್ಲ.

ಹರಿಗೋಲು, ಗಂಗಾವತಿ

ಲೇಹ್‌ಗೆ ಬಂದು ಎರಡು ದಿನ ಆಯ್ತು, ಈಗ ಆರಾಮ ಅದಾನ, ಊಟ ಸೇರ್ತೈತಿ. ಗೆರೆ ಮ್ಯಾಲೆ ನಡೆಸಿದೆ, ಸರಿ ನಡೆದ, ನನಗ ಬೈದ. ಎತ್ತರದ ಕಾಯಿಲೆಗೆ ಡೈಮಾಕ್ಸ್ ಅರ್ಧ ಗುಳಿಗಿ ಮುಂಜಾನೆ ಸಂಜೆ ತಗೋ ಅಂದಾರ ಇಲ್ಲಿಯವರು.

ಬಾಟಲಿ ನೋಡಿದೆ. ನೀರಿಲ್ಲ. ಒಂದು ಗುಳ್ಳಿ ಸೈತ ಇಲ್ಲ.

ಏಕಶಿಲೆ, ಬಳ್ಳಾರಿ

250ರ ಗುಳಿಗೆಯಲ್ಲಿ ಅರ್ಧ, ಅಂದರೆ 125 ಮಿ.ಗ್ರಾಂ. ದಿನಕ್ಕೆರಡು ಸಲ, ಅದು ತಡೆಗೆ ಕೊಡೋ ಪ್ರಮಾಣ. ಹತ್ತೋ ಹಿಂದಿನ ದಿನ ಶುರು ಮಾಡಬೇಕು. ಸಲ್ಫಾ ಔಷಧಿ ಮೈಗೆ ಆಗದವರು ಡಾಕ್ಟರನ್ನ ಕೇಳದೆ ಮುಟ್ಟಬಾರದು. ಬೆರಳು ಜುಮ್ ಅನ್ನುತ್ತೆ, ಮೂತ್ರ ಪದೇ ಪದೇ ಬರುತ್ತೆ, ಅದಕ್ಕೆ ಹೆದರಬೇಡಿ. ತಲೆನೋವಿಗೆ ಗುಳಿಗೆ ನುಂಗಿ ಮತ್ತೆ ಮೇಲಕ್ಕೆ ಹೋಗೋದು ಮಾತ್ರ ಬೇಡ.

ಜೆಟ್ ಮಾಸ್ತರ, ಬಳ್ಳಾರಿ

ನೀರಿಲ್ಲ ಅಂತಾಯ್ತು. ಜೆಟ್ ತಗೊಂಡ್ರಾ? ಲೇಹ್‌ನಲ್ಲಿ ಸಿಗುತ್ತೆ, ಬಾಡಿಗೆ ಗಾಡಿಯವರ ಹತ್ರ ಕೇಳಿ.

ಅಂಜನಾದ್ರಿ 575, ಕೊಪ್ಪಳ

ಇದಕ್ಕೇ ಎಫ್‌ಐ (ಕಾರ್ಬು ಇಲ್ಲದ ಫ್ಯೂಯೆಲ್ ಇಂಜೆಕ್ಷನ್) ಗಾಡಿ ತಗೋಬೇಕು ಅನ್ನೋದು. ಜಗತ್ತಿನಾಗ ಎತ್ತರದ ರಸ್ತೆ ಖರ್ದುಂಗ್ ಲಾ, 18,380 ಅಡಿ, ಎಫ್‌ಐ ಗಾಡಿಗೆ ಅದು ಡಾಂಬರು ರಸ್ತೆ ಇದ್ದಂಗ. ನಂದು ಎಫ್‌ಐ, ಅಲಾಯ್ ಬಾಕ್ಸ್, ಎರಡು ಮಂಜು ಲೈಟು, ಬ್ಯಾಷ್ ಪ್ಲೇಟ್, ಟ್ಯೂಬ್‌ಲೆಸ್ ರಿಮ್.

ಒಗ್ಗರಣಿ ಮಿರ್ಚಿ, ಹೊಸಪೇಟೆ

ಎಫ್‌ಐ ಮಿಶ್ರಣ ಸರಿ ಮಾಡುತ್ತೆ, ಗಾಳಿ ಹುಟ್ಟಿಸೋದಿಲ್ಲ. 5,000 ಮೀಟರ್ ಮೇಲೆ ಅದಕ್ಕೂ ಬಲ ಸುಮಾರು ಅರ್ಧ ಹೋಗುತ್ತೆ. 18,380 ಅನ್ನೋದು ಹಳೇ ಬೋರ್ಡಿನ ಸಂಖ್ಯೆ. ಅಳತೆ ಮಾಡಿದ್ದು 5,359 ಮೀಟರ್, 17,582 ಅಡಿ. 2021ರಲ್ಲೇ ಉಮ್ಲಿಂಗ್ ಲಾ 19,024 ಅಡಿಗೆ ರಸ್ತೆ ಆಯ್ತು.

ಅಂಜನಾದ್ರಿ 575, ಕೊಪ್ಪಳ

ಬೋರ್ಡ್ ಬರೆದವರು ಹುಚ್ಚರೇನ್ರೀ?

ಕೃಷ್ಣೆಯ ದಂಡೆ, ರಾಯಚೂರು

ಅಡಿ ಮೀಟರ್ ಆಮೇಲೆ ನೋಡೋಣ. ಹರಿಗೋಲು ಅವರೇ, ಮೂರು ಪ್ರಶ್ನೆ. ಗಾಡಿ ನಿಂತಿದ್ದು ಘಾಟಿ ಹತ್ತುವಾಗಲೋ ಇಳಿಯುವಾಗಲೋ? ಆರುವ ಹೊತ್ತಿಗೆ ಚೋಕ್ (ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಏರಿಸುವುದು) ಎಳೆದು ನೋಡಿದ್ದೀರಾ? ನಿಂತಮೇಲೆ ಮತ್ತೆ ಚಾಲೂ ಆಗುವ ಮೊದಲು ಏನೇನು ಮುಟ್ಟಿದಿರಿ?

ಹರಿಗೋಲು, ಗಂಗಾವತಿ

ಇಳಿಯುವಾಗರೀ. ತುದಿಗೆ ಸುರಿದ ಮ್ಯಾಲೆ ಅಂದೀನಲ್ಲ, ತುದಿಯಿಂದ ಮುಂದ ಇಳಿಜಾರೇ ಅಲ್ಲೇನು. ಹತ್ತುವಾಗ ಉಸಿರುಗಟ್ಟಿದಂಗ ಎಳೀತಿತ್ತು, ಹೊಗಿ ಕರ್ರಗ ಬರ್ತಿತ್ತು, ಆದ್ರ ಒಮ್ಮೆಯೂ ನಿಂತಿಲ್ಲ. ಚೋಕ್ ಎಳೆದ್ರ ಒಂದೆರಡು ಕ್ಷಣ ಎತ್ತಿಕೊಂಡು ಮತ್ತ ಆರ್ತೈತಿ. ನಿಂತಾಗ ಏನೂ ಮುಟ್ಟಿಲ್ಲ. ಐದಾರು ಸಲ ಆದ ಮ್ಯಾಲೆ ಪೆಟ್ರೋಲ್ ಐತೋ ಇಲ್ಲೋ ಅಂತ ಟ್ಯಾಂಕ್ ಬಿಚ್ಚಿ ನೋಡಿ, ಮತ್ತ ಒದ್ದೆ, ಹೊಂಟೆ. ಸರ್ಚುದಿಂದ ತಂಗ್ಲಂಗ್ ಲಾ ತನಕ ಒಂದೂ ಕಾಟ ಇಲ್ಲ. ಅಲ್ಲಿಂದ ಇಳಿಯುವಾಗ ಮತ್ತ ಅದೇ ಹಾಡು.

ಕೃಷ್ಣೆಯ ದಂಡೆ, ರಾಯಚೂರು

ರಿಚ್ ಆಗಿ ಆರುವ ಗಾಡಿಗೆ ಚೋಕ್ ಎಳೆದರೆ ಅಲ್ಲೇ ಸಾಯುತ್ತೆ. ಎತ್ತಿಕೊಂಡಿತು ಅಂದರೆ ಪೆಟ್ರೋಲ್ ಸಾಲದೆ ಆರುತ್ತಿದೆ. ಪ್ಲಗ್ಗಿನ ಮಸಿ ಹತ್ತುವಾಗ ಹಿಡಿದದ್ದು, ಅದರ ಮಟ್ಟಿಗೆ ಮಾಸ್ತರ್ರ ಲೆಕ್ಕ ಸರಿ. ಗಾಡಿ ನಿಲ್ಲಲು ಕಾರಣ ಬೇರೆ. ಟ್ಯಾಂಕಿನೊಳಗೆ ಗಾಳಿ ಹೋಗುತ್ತಿಲ್ಲ. ಮುಚ್ಚಳದ ಮೇಲೆ ಏನಾದರೂ ಇತ್ತೇ? ಟ್ಯಾಂಕ್ ಬ್ಯಾಗ್, ಮಳೆ ಹೊದಿಕೆ?

ಹರಿಗೋಲು, ಗಂಗಾವತಿ

ಬ್ಯಾಗ್ ಇಲ್ಲ. ಟೇಪ್ ಅಷ್ಟೇ.

ಕರಿಮಣ್ಣು, ಸಿಂಧನೂರು

ಯಾವ ಟೇಪ್??

ಹರಿಗೋಲು, ಗಂಗಾವತಿ

ಹಿಮ ಉದುರ್ತಿತ್ತು, ಕೀಲಿ ತೂತಿನಾಗ ನೀರು ಹೋಗಬಾರದು ಅಂತ ಕ್ಯಾನ್ ಸುರಿದ ಮ್ಯಾಲೆ ಮುಚ್ಚಳದ ಸುತ್ತ ಅಗಲ ಟೇಪ್ ಸುತ್ತಿದೆ. ಎಲ್ಲಾರೂ ಮಾಡೋದೇ ಅಲ್ಲೇನು? ಸರ್ಚು ಹತ್ರ ಬಿಚ್ಚಿದಾಗ ಚಳಿಗೆ ಮತ್ತ ಅಂಟಲಿಲ್ಲ, ಹಂಗೇ ಬಿಟ್ಟೆ. ತಂಗ್ಲಂಗ್ ಲಾದಾಗ ಹೊಸಾದು ಸುತ್ತಿದೆ.

ಕರಿಮಣ್ಣು, ಸಿಂಧನೂರು

ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡೀತಾರ ತಮ್ಮಾ? ಔಷಧ ಹೊಡಿಯೋ ಪಂಪಿನ ಮುಚ್ಚಳದ ತೂತು ಮಣ್ಣು ತಿಂದ್ರ ಡಬ್ಬಿ ಒಳಗ ಜಗ್ತೈತಲ್ಲ, ಅದೇ ಇದು. ನನ್ನ ನೀರಿನ ಮಾತು ವಾಪಸ್ ತಗೊಂಡೆ.

ಕೃಷ್ಣೆಯ ದಂಡೆ, ರಾಯಚೂರು

ಲೆಕ್ಕ ನೋಡಿ. ಟ್ಯಾಂಕಿನಿಂದ ಕಾರ್ಬಿಗೆ ಪೆಟ್ರೋಲ್ ಇಳಿಯುವುದು ತನ್ನ ಭಾರದಿಂದ. ಎತ್ತರದ ವ್ಯತ್ಯಾಸ ಒಂದು ಗೇಣಿನ ಮೇಲೆ ಸ್ವಲ್ಪ, 25 ಸೆಂ.ಮೀ. ಅಂದುಕೊಳ್ಳಿ. ಅಷ್ಟು ಪೆಟ್ರೋಲಿನ ಒತ್ತಡ 1.8 ಕಿಲೋಪಾಸ್ಕಲ್, ಹೆಚ್ಚಿಲ್ಲ. 5,000 ಮೀಟರ್ ಆಸುಪಾಸಿನಲ್ಲಿ ಒಂದು ಮೀಟರ್ ಇಳಿದರೆ ಹೊರಗಿನ ಒತ್ತಡ ಸುಮಾರು 7 ಪಾಸ್ಕಲ್ ಏರುತ್ತೆ. ಫ್ಲೋಟ್ ಬೌಲ್ ಹೊರಗಾಳಿಗೆ ತೆರೆದಿರುತ್ತೆ, ಟ್ಯಾಂಕಿನೊಳಗೆ ತುದಿಯಲ್ಲಿ ಮುಚ್ಚಿದ ತೆಳು ಗಾಳಿಯೇ ಇರುತ್ತೆ. ಹಾಗಾಗಿ ಒಂದು ತೊಟ್ಟು ಪೆಟ್ರೋಲ್ ಸುಡದಿದ್ದರೂ 250 ಮೀಟರ್ ಇಳಿದರೆ ಹರಿವು ನಿಲ್ಲುತ್ತೆ. ಘಾಟಿಯಲ್ಲಿ ಅದು 6-7 ಕಿ.ಮೀ. ದಾರಿ, ನೀವು ಹೇಳಿದಷ್ಟೇ. ಸಾಲದ್ದಕ್ಕೆ ಟ್ಯಾಂಕ್ ಕಂಠಮಟ್ಟ ತುಂಬಿತ್ತು. ಒಳಗೆ ಒಂದು ಲೀಟರ್ ಗಾಳಿ ಇದ್ದರೆ 30 ಮಿ.ಲೀ. ಪೆಟ್ರೋಲ್ ಖರ್ಚಾದರೂ ಅದೇ ನಿರ್ವಾತ. ಟೇಪ್ ಪೂರ್ತಿ ಬಿಗಿ ಕೂರದ್ದರಿಂದ ಹತ್ತು ನಿಮಿಷ ನಿಂತರೆ ಗಾಳಿ ಜಿನುಗಿ ಒಳಗೆ ಸೇರಿದೆ, ಗಾಡಿ ಚಾಲೂ ಆಗಿದೆ.

ಈಗಲೇ ಪರೀಕ್ಷಿಸಿ. ಟ್ಯಾಂಕ್ ತುಂಬಿಸಿ, ಹೊಸ ಟೇಪ್ ಬಿಗಿಯಾಗಿ ಸುತ್ತಿ, ಕಾಕ್ ಆನ್ ಮಾಡಿ, ಬೌಲಿನ ಡ್ರೇನ್ ಸ್ಕ್ರೂ ಬಿಚ್ಚಿ ಕ್ಯಾನಿಗೆ ಬಿಡಿ. ಧಾರೆ ಸಣ್ಣಗಾಗಿ ಹನಿಗೆ ಬಂದಾಗ ಟೇಪ್ ಕಿತ್ತು ಮುಚ್ಚಳ ಬಿಚ್ಚಿ, ಸದ್ದು ಕೇಳಿ.

ಜೆಟ್ ಮಾಸ್ತರ, ಬಳ್ಳಾರಿ

ಟೇಪ್ ಇದ್ರೂ ಇಲ್ದಿದ್ರೂ ಆ ಎತ್ತರಕ್ಕೆ ಜೆಟ್ ದೊಡ್ಡದೇ.

ಹರಿಗೋಲು, ಗಂಗಾವತಿ

ಮಾಡಿದೆ. ಅರ್ಧ ಲೋಟ ಸೈತ ಬರಲಿಲ್ಲ, ಹನಿ ಹನಿ ಆಗಿ ನಿಂತಿತು. ಮುಚ್ಚಳ ಬಿಚ್ಚಿದೆ, ಸುಂಯ್ ಅಂತು, ಮತ್ತ ಧಾರೆ! ನಾಲ್ಕು ಮೆಕ್ಯಾನಿಕ್ ಮಂದಿಗೆ ತೋರ್ಸಿದೆ, ಟೇಪ್ ಕಣ್ಣಿಗೆ ಬಿದ್ದರೂ ಒಬ್ಬರೂ ಕೇಳಲಿಲ್ಲ. ಹಂಗಾದ್ರ ಹಿಮ ಬಿದ್ರ ಮುಚ್ಚಳಕ್ಕ ಏನು ಮಾಡೋದು?

ಕೃಷ್ಣೆಯ ದಂಡೆ, ರಾಯಚೂರು

ಕೀಲಿ ತೂತಿನ ಮೇಲೆ ಮಾತ್ರ ಎರಡು ಬೆರಳಗಲದ ತುಂಡು ಅಂಟಿಸಿ, ಅಂಚು ಬಿಟ್ಟಿರಲಿ. ಇಲ್ಲವಾದರೆ ಕೈಗವಸಿನ ಹಳೇ ಬಟ್ಟೆ ಸಡಿಲವಾಗಿ ಹೊದಿಸಿ ರಬ್ಬರ್ ಹಾಕಿ, ಗಾಳಿ ಹಾಯುತ್ತೆ. ಮುಚ್ಚಳದ ಉಸಿರು ತೂತನ್ನೂ ಒಮ್ಮೆ ನೋಡಿ, ನಮ್ಮ ಕಡೆಯ ಕೆಂಪು ದೂಳು ಪಾಲಿಶ್ ಜೊತೆ ಸೇರಿ ಸಿಮೆಂಟಿನಂತೆ ಕೂರುತ್ತೆ. ಸಣ್ಣ ತಂತಿ ಆಡಿಸಿ ಊದಿ. ಬಾಯಿಂದ ಒಳಕ್ಕೆ ಎಳೀಬೇಡಿ.

ಜೆಟ್ ವಿಷಯ: ಖರ್ದುಂಗ್ ಲಾ ಒಂದು ದಿನದ ಕೆಲಸ, ಅದಕ್ಕಾಗಿ ಕಾರ್ಬು ಬಿಚ್ಚಬೇಕಿಲ್ಲ. ಏರ್ ಫಿಲ್ಟರ್ ಸ್ವಚ್ಛವಿರಲಿ, ಒಂದನೇ ಎರಡನೇ ಗೇರಿನಲ್ಲಿ ಹತ್ತಿ, ಥ್ರಾಟಲ್ ಒಮ್ಮೆಲೇ ಪೂರ್ತಿ ತಿರುವಬೇಡಿ. ವಾರಗಟ್ಟಲೆ ಮೇಲೇ ಇರುವವರಿಗೆ ಜೆಟ್ ಬದಲಿಸುವುದು ಲಾಭ.

ಜೆಟ್ ಮಾಸ್ತರ, ಬಳ್ಳಾರಿ

ಅದನ್ನೇ ನಾನೂ ಹೇಳಿದ್ದು.

ಏಕಶಿಲೆ, ಬಳ್ಳಾರಿ

ಒಂದನೇ ಗೇರಲ್ಲೂ ಎಳೆಯದಿದ್ದರೆ ಹಿಂದಿನವರನ್ನ ಇಳಿಸಿ ನಡೆಸಿ, ಗಾಡಿ ತಳ್ಳಿಸಬೇಡಿ. ಆ ಎತ್ತರದಲ್ಲಿ ಗಾಡಿ ತಳ್ಳೋದು ಆರಾಮಾದವರನ್ನೂ ಮಲಗಿಸುತ್ತೆ. ತುದಿಯಲ್ಲಿ ಫೋಟೋ ತೆಗೆದು ಹತ್ತು ಹದಿನೈದು ನಿಮಿಷಕ್ಕೆ ಇಳಿದುಬಿಡಿ.

ಅಂಜನಾದ್ರಿ 575, ಕೊಪ್ಪಳ

ಎಫ್‌ಐಗೆ ಈ ಟೇಪ್ ಕಾಟ ಇಲ್ಲ ಬಿಡ್ರಿ, ಪಂಪು ಒತ್ತಿ ಕಳಿಸ್ತೈತಿ.

ಒಗ್ಗರಣಿ ಮಿರ್ಚಿ, ಹೊಸಪೇಟೆ

ಕಾಟ ತಡವಾಗಿ ಬರುತ್ತೆ, ಅಷ್ಟೇ. ನಿರ್ವಾತ ಹೆಚ್ಚಾದ್ರೆ ಪಂಪು ಕುಂಯ್ ಅಂತ ಕೂಗುತ್ತೆ, ಪೆಟ್ರೋಲ್ ಬದಲು ಆವಿ ಎಳೆದು ಗಾಡಿ ಮಿಸ್ ಹೊಡೆಯುತ್ತೆ. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಯಲ್ಲಿ ಟ್ಯಾಂಕಿನ ಉಸಿರು ಪೆಟ್ರೋಲ್ ಆವಿ ಹಿಡಿಯೋ ಡಬ್ಬಿಯ, ಅಂದ್ರೆ ಕ್ಯಾನಿಸ್ಟರ್ ಪೈಪಿನ ಮೂಲಕ ಹೋಗುತ್ತೆ. ನಿಮ್ಮ ಅಲಾಯ್ ಬಾಕ್ಸಿನ ಬೆಲ್ಟು, ಬ್ಯಾಗಿನ ಕೊಕ್ಕೆ ಆ ಪೈಪನ್ನ ಒತ್ತಿಲ್ಲ ತಾನೆ? ಒಮ್ಮೆ ಸೀಟು ಬಿಚ್ಚಿ ನೋಡ್ರಿ.

ಅಂಜನಾದ್ರಿ 575, ಕೊಪ್ಪಳ

ಆ ಪೈಪು ಎಲ್ಲೈತಿ? ಕಪ್ಪಂದೋ ನೀಲಿದೋ?