ಪದ ಬೇಕು: ಇಎಂಜಿ, ಗ್ರಿಪ್ ಸ್ಟ್ರೆಂತ್ (ಒಪ್ಪಿಗೆ ಪತ್ರಕ್ಕೆ, ಸೋಮವಾರದೊಳಗೆ)

ಸಾಗರದಿಂದ:
ಎಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುವವರ ಕೈ ದಣಿವಿನ ಬಗ್ಗೆ ಒಂದು ಅಧ್ಯಯನ ಇದೆ. ಅದರ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸೋಮವಾರ ಎಥಿಕ್ಸ್ ಕಮಿಟಿಗೆ ಕೊಡಬೇಕು. ಮೊಣಕೈ ಕೆಳಗೆ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುತ್ತೇವೆ, ಅದು ಇಎಂಜಿ. ಕೈ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ (ಗ್ರಿಪ್ ಸ್ಟ್ರೆಂತ್) ಎಂದು ಅಳೆಯುವ ಡೈನಮೋಮೀಟರ್ ಹಿಡಿಕೆಯನ್ನು ಜೋರಾಗಿ ಹಿಸುಕಲು ಹೇಳುತ್ತೇವೆ. ಎರಡೂ ದಾಖಲಾಗುತ್ತವೆ, ಅಷ್ಟೇ. ನನಗೆ ಸಿಕ್ಕ ಪದಗಳು ‘ವಿದ್ಯುತ್ ಸ್ನಾಯುಲೇಖನ’, ‘ಮುಷ್ಟಿಶಕ್ತಿ’. ಆಮೇಲೆ, ಮೊಣಕೈ ಕೆಳಗಿನ ಆ ಭಾಗಕ್ಕೆ ಮುಂಗೈ ಸರಿಯೋ ಮುಂದೋಳು ಸರಿಯೋ?

ಬೆಂಗಳೂರಿನಿಂದ:
ಎರಡೂ ಬೇಡ. ಸ್ನಾಯು ಸಂಸ್ಕೃತ, ಮುಷ್ಟಿ ಸಂಸ್ಕೃತ. ‘ಕಂಡಮಿಂಚುಬರಹ’, ‘ಹಿಡಿಬಲ’ ಅನ್ನಿ. ಹಳಗನ್ನಡದ ಪಿಡಿಯೇ ಇವತ್ತಿನ ಹಿಡಿ. ತಮಿಳು, ಮಲಯಾಳದಲ್ಲಿ ಈಗಲೂ ಪಿಡಿ. ಸ್ನಾಯುವಿಗೆ ತೆಲುಗಿನವರ ಕಂಡ, ಕಂಡರ ನೋಡಿ. ಇಮೇಲ್‌ಗೆ ‘ಮಿಂಚೆ’ ಬಂದಾಗಲೂ ನಕ್ಕಿದ್ದರು.

ಮೈಸೂರಿನಿಂದ:
ಕಂಡರ ಅಂತ ಎದೆ ತಟ್ಟಿಕೊಳ್ಳಬೇಡಿ. ಸಂಸ್ಕೃತದ ಹಳೆಯ ವೈದ್ಯಗ್ರಂಥ ಸುಶ್ರುತ ಸಂಹಿತೆಯಲ್ಲೇ ‘ಕಂಡರಾ’ ಇದೆ, ಹದಿನಾರು ಅಂತ ಲೆಕ್ಕ ಬೇರೆ. ಅಲ್ಲಿ ಮಾಂಸಖಂಡಕ್ಕೆ ‘ಪೇಶಿ’, ಅವು 500. ‘ಸ್ನಾಯು’ 900, ಅವು ಕೀಲು ಕಟ್ಟುವ ತಂತುಗಳು. ಅದೇ ಪದ ಬಂಗಾಳಿಯಲ್ಲಿ ನರ ಆಯಿತು. ನಮ್ಮಲ್ಲಿ, ಮರಾಠಿಯಲ್ಲಿ ಮಾಂಸಖಂಡ ಆಯಿತು. ಆದ್ದರಿಂದ ಶುದ್ಧ ಪ್ರಯೋಗ ‘ಪೇಶಿ’. ಚರ್ಚೆ ಮುಗಿಯಿತು.

ಮಂಗಳೂರಿನಿಂದ:
ಮುಗಿದಿಲ್ಲ ಸರ್. ಪೇಶಿ ಅಂದರೆ ಕೋರ್ಟಿಗೆ ಯಾವಾಗ ಹೋಗಬೇಕು ಅಂತ ಕೇಳ್ತಾರೆ.

ಎಲೆಕ್ಟ್ರೋಡ್ ಅಂಟಿಸುವ ಕೆಲಸ ಮಾಡಿದವಳು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಕೂದಲಿದ್ದರೆ ಬೋಳಿಸಿ, ಸ್ಪಿರಿಟ್ ಹಚ್ಚಿ ಉಜ್ಜುತ್ತೇವೆ. ಎರಡು ಎಲೆಕ್ಟ್ರೋಡ್ ನಡುವೆ 2 ಸೆಂ.ಮೀ. ಅಂತರ. ಮೂರನೆಯದು ಮೊಣಕೈ ಮೂಳೆ ಮೇಲೆ. ಆಗ ಬರುವ ಮೊದಲ ಪ್ರಶ್ನೆ ಒಂದೇ: ‘ಮೇಡಂ, ಕರೆಂಟ್ ಕೊಡ್ತೀರಾ?’ ಒಪ್ಪಿಗೆ ಪತ್ರದ ತಲೆಯಲ್ಲೇ ‘ವಿದ್ಯುತ್’ ಅಂತ ಹಾಕಿದರೆ ಅರ್ಧ ಜನ ಸಹಿ ಹಾಕದೆ ಎದ್ದು ಹೋಗುತ್ತಾರೆ. ಇಲ್ಲಿ ನಾವು ಏನೂ ಕೊಡುವುದಿಲ್ಲ. ಸ್ನಾಯು ಬಿಗಿಯಾದಾಗ ಅದರಲ್ಲೇ ಹುಟ್ಟುವ ಸಂಕೇತವನ್ನು ಹಿಡಿಯುತ್ತೇವೆ. ಅದು ಕೆಲವೇ ಮಿಲಿವೋಲ್ಟ್, ಎಷ್ಟೋ ಸಲ ಅಷ್ಟೂ ಇರುವುದಿಲ್ಲ. ಹೆಸರು ‘ಇಎಂಜಿ’ ಅಂತಲೇ ಇರಲಿ. ಕೆಳಗೆ ‘ಸೂಜಿ ಇಲ್ಲ, ಕರೆಂಟ್ ಕೊಡುವುದಿಲ್ಲ’ ಅಂತ ಬರೆಯಿರಿ. ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ಮಾಡುವ ಇಎಂಜಿಯಲ್ಲಿ ಸೂಜಿ ಚುಚ್ಚುತ್ತಾರೆ. ಅದನ್ನು ಕಂಡವರು ಊರಲ್ಲಿ ಇದ್ದೇ ಇರುತ್ತಾರೆ.

‘ಶಕ್ತಿ’ ಬೇಡ. ನಮ್ಮ ಶಾಲೆ ಪುಸ್ತಕದಲ್ಲಿ ಶಕ್ತಿ ಬೇರೆ, ಬಲ ಬೇರೆ. ಡೈನಮೋಮೀಟರ್ ಕೆಜಿಯಲ್ಲಿ ತೋರಿಸುವುದು ಬಲ. ‘ಹಿಡಿತದ ಬಲ’ ಸಾಕು. ಆದರೆ ‘ಇಎಂಜಿಯಿಂದ ನಿಮ್ಮ ಬಲ ಅಳೆಯುತ್ತೇವೆ’ ಅಂತ ಬರೆಯಬೇಡಿ, ಅದು ತಪ್ಪು. ಒಂದೇ ಬಲದಲ್ಲಿ ಹಿಡಿದು ಕೂತರೂ ಕೈ ದಣಿಯುತ್ತಾ ಹೋದಂತೆ ಸಂಕೇತ ದೊಡ್ಡದಾಗುತ್ತದೆ. ನಿಮ್ಮ ಅಧ್ಯಯನದ ಜೀವವೇ ಅದು ಅಲ್ವಾ? ಅಲ್ಲಿ ‘ಸ್ನಾಯುವಿನ ಚಟುವಟಿಕೆ’ ಅನ್ನಿ. ಬೆರಳು ಮಡಚುವ ಸ್ನಾಯು ಅಂತಷ್ಟೇ ಹೇಳಿ ಬಿಡಬೇಡಿ. ಗಟ್ಟಿಯಾಗಿ ಹಿಡಿದಾಗ ಮಣಿಕಟ್ಟು ಒಳಗೆ ಬಾಗದಂತೆ ಹೊರಬದಿಯ ಸ್ನಾಯುಗಳೂ ಎಳೆಯುತ್ತವೆ, ಅಲ್ಲಿಗೂ ಎಲೆಕ್ಟ್ರೋಡ್ ಬರುತ್ತದೆ.

ಮುಂಗೈ ಅಂದರೆ ಬಳೆ ಹಾಕುವ ಜಾಗ ತೋರಿಸುವವರೇ ಜಾಸ್ತಿ. ಮುಂದೋಳು ಪಠ್ಯಪುಸ್ತಕದ್ದು. ‘ಮೊಣಕೈಯಿಂದ ಮಣಿಕಟ್ಟಿನವರೆಗೆ’ ಅಂತ ಬಿಡಿಸಿ ಬರೆಯಿರಿ.

ಬೆಂಗಳೂರಿನಿಂದ:
ಅಂದರೆ ಕನ್ನಡಕ್ಕೆ ಪದ ಕಟ್ಟುವುದೇ ಬೇಡ, ಎಲ್ಲಕ್ಕೂ ಇಂಗ್ಲಿಷ್ ಅಕ್ಷರ ಅಂಟಿಸಿ ಅಂತ. ವಿದ್ಯುತ್ತಿಗೆ ತಮಿಳರು ಮಿನ್ಸಾರಂ ಅನ್ನುತ್ತಾರೆ, ಅವರಿಗೇನೂ ಶಾಕ್ ಹೊಡೆದಿಲ್ಲ.

ಮಂಗಳೂರಿನಿಂದ:
ಕಟ್ಟಿ ಸರ್, ಪುಸ್ತಕಕ್ಕೆ ಕಟ್ಟಿ. ಇಸಿಜಿ, ಬಿಪಿ, ಸ್ಕ್ಯಾನ್ ನಮ್ಮಜ್ಜಿಯ ಬಾಯಲ್ಲೂ ಇವೆ. ಸಹಿ ಹಾಕುವ ಕಾಗದದಲ್ಲಿ ಪ್ರಯೋಗ ಬೇಡ.

ಮೈಸೂರಿನಿಂದ:
ಅಜ್ಜಿಯರ ಬಾಯಿ ಪ್ರಮಾಣವಾದರೆ ನಿಘಂಟು ಯಾಕೆ?

ಸಾಗರದಿಂದ:
ತುಂಬಾ ಧನ್ಯವಾದ. ಹೀಗೆ ಬರೆದಿದ್ದೇನೆ: ‘ನಿಮ್ಮ ಮೊಣಕೈಯಿಂದ ಮಣಿಕಟ್ಟಿನವರೆಗಿನ ಚರ್ಮದ ಮೇಲೆ ಅಂಟುವ ಬಿಲ್ಲೆಗಳನ್ನು ಇಟ್ಟು ಸ್ನಾಯುಗಳ ಚಟುವಟಿಕೆಯನ್ನು ದಾಖಲಿಸುತ್ತೇವೆ (ಇಎಂಜಿ). ಸೂಜಿ ಇಲ್ಲ, ಕರೆಂಟ್ ಕೊಡುವುದಿಲ್ಲ. ಮೊಣಕೈಯನ್ನು ಮಡಚಿ ಕೂತು, ಕೈಯಲ್ಲಿ ಕೊಟ್ಟ ಹಿಡಿಕೆಯನ್ನು ಮೂರು ಸಲ ಆದಷ್ಟು ಜೋರಾಗಿ ಹಿಸುಕಬೇಕು. ಇದರಿಂದ ನಿಮ್ಮ ಹಿಡಿತದ ಬಲ ತಿಳಿಯುತ್ತದೆ.’ ‘ಹಿಸುಕು’ ಸರಿಯೇ, ‘ಅದುಮು’ ಬೇಕೇ?

ಮಂಗಳೂರಿನಿಂದ:
ಹಿಸುಕುವುದು ಮಾವಿನ ಹಣ್ಣನ್ನು. ಅದು ಕಬ್ಬಿಣದ ಹಿಡಿಕೆ. ‘ಬಿಗಿಯಾಗಿ ಹಿಡಿದು ಒತ್ತಿ’ ಅನ್ನಿ. ಮೂರು ಸಲದ ನಡುವೆ ವಿಶ್ರಾಂತಿ ಕೊಡುತ್ತೀರಿ ಅಂತಲೂ ಸೇರಿಸಿ.

ಬೆಂಗಳೂರಿನಿಂದ:
ಹಿಸುಕು ಅಚ್ಚಗನ್ನಡ. ತೆಗೆಯಬೇಡಿ. ‘ವಿಶ್ರಾಂತಿ’ ಬೇಡ, ‘ಬಿಡುವು’ ಅನ್ನಿ.

ಮೈಸೂರಿನಿಂದ:
ಬಿಡುವು ಒಪ್ಪಿದೆ. ಉಳಿದದ್ದು ಯಾವುದೂ ಒಪ್ಪಿಲ್ಲ.