ಕೊಲೊನೋಸ್ಕೋಪಿ ಮಾಡಿಸಿದವರಲ್ಲಿ ಎಷ್ಟು ಜನಕ್ಕೆ ಕ್ಯಾನ್ಸರ್ ಸಿಗುತ್ತದೆ?

ಪ್ರಶ್ನೆ (ಶಿರಸಿಯಿಂದ):
ಅಪ್ಪನಿಗೆ 61 ವರ್ಷ. ಎರಡು ತಿಂಗಳಿಂದ ಮಲದಲ್ಲಿ ರಕ್ತ ಹೋಗುತ್ತಿತ್ತಂತೆ. ಮೂಲವ್ಯಾಧಿ ಇರಬೇಕು ಅಂತ ಯಾರಿಗೂ ಹೇಳದೆ ಸುಮ್ನೆ ಇದ್ದರು. ಸೋಮವಾರ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಇದೆ. ಅಮ್ಮ ಸರಿಯಾಗಿ ಊಟವೇ ಮಾಡುತ್ತಿಲ್ಲ. ಈ ಪರೀಕ್ಷೆ ಬರೆದುಕೊಟ್ಟರೆ ಕ್ಯಾನ್ಸರ್ ಅಂತಲೇ ಅರ್ಥವಾ? ನಿಜ ಹೇಳಿ.

ಉತ್ತರ 1 (ಎಂಡೋಸ್ಕೋಪಿ ವಿಭಾಗದ ನರ್ಸ್):
ಖಂಡಿತ ಅಲ್ಲ. ಪೋಲೆಂಡ್, ನಾರ್ವೆ, ಸ್ವೀಡನ್‌ನಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 2022ರಲ್ಲಿ ಪ್ರಕಟವಾಯಿತು. 55ರಿಂದ 64 ವರ್ಷದ 11,843 ಜನ ಪರೀಕ್ಷೆ ಮಾಡಿಸಿಕೊಂಡಿದ್ದರು. ಕ್ಯಾನ್ಸರ್ ಸಿಕ್ಕಿದ್ದು 62 ಜನಕ್ಕೆ. ಹೆಚ್ಚುಕಡಿಮೆ ಇನ್ನೂರಕ್ಕೆ ಒಬ್ಬರು. ಆದರೆ ಅವರು ತೊಂದರೆ ಅಂತ ಬಂದವರಲ್ಲ, ಕರೆಸಿ ನೋಡಿದವರು. ರಕ್ತ ಹೋಗುತ್ತಿದ್ದರೆ ಸಾಧ್ಯತೆ ಅದಕ್ಕಿಂತ ಜಾಸ್ತಿ. ಜೊತೆಗೆ ರಕ್ತಹೀನತೆ, ತೂಕ ಇಳಿಯುವುದು ಇದ್ದರೆ ಇನ್ನೂ ಜಾಸ್ತಿ. ಹಾಗಂತ ನಮ್ಮಲ್ಲಿ ಬರುವ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ.

ಅದೇ ಅಧ್ಯಯನದಲ್ಲಿ 3,634 ಜನಕ್ಕೆ ಅಡಿನೋಮಾ ಅನ್ನುವ ಗಂಟು ಸಿಕ್ಕಿತು. ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು ಅದು. ಸಾಮಾನ್ಯವಾಗಿ ಪರೀಕ್ಷೆ ಮಾಡುವಾಗಲೇ ತೆಗೆದುಬಿಡುತ್ತಾರೆ.

ಉತ್ತರ 2:
ನನ್ನ ಹೆಂಡತಿಗೆ ಹೋದ ವರ್ಷ ಹಾಗೇ ಎರಡು ಗಂಟು ತೆಗೆದರು. ಅದೇ ಸಂಜೆ ಮನೆಗೆ ಬಂದೆವು. ಹಿಂದಿನ ದಿನ ಕೊಡುವ ಔಷಧಿ ನೀರನ್ನು ಪೂರ್ತಿ ಕುಡಿಸಿ. ಕರುಳು ಸ್ವಚ್ಛ ಆಗದಿದ್ದರೆ ಏನೂ ಕಾಣುವುದಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ.

ಪ್ರಶ್ನೆ ಕೇಳಿದವರು:
ಸಕ್ಕರೆ ಕಾಯಿಲೆ ಇದೆ, ಹೇಳಿರಲಿಲ್ಲ! ಈಗಲೇ ಫೋನ್ ಮಾಡುತ್ತೇನೆ. ನರ್ಸ್ ಅಕ್ಕ, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಈಗ ಗಂಜಿ ಕುಡಿಯುತ್ತಿದ್ದಾಳೆ.