ಗಂಡನಿಗೆ ಗ್ರೀನ್‌ಕಾರ್ಡ್ ಅರ್ಜಿ: ನಾನಿರುವುದು ಬೆಂಗಳೂರಲ್ಲಿ, ಯಾವ ವಿಳಾಸ ಹಾಕಲಿ?

ಬನಶಂಕರಿ_ಸೊಸೆ:
ನಾನು ಹುಟ್ಟಿದ್ದು ಅಮೆರಿಕದಲ್ಲಿ, ಪಾಸ್‌ಪೋರ್ಟೂ ಅಲ್ಲಿಯದೇ. ಮದುವೆಯಾದಾಗಿನಿಂದ ಗಂಡನ ಜೊತೆ ಬನಶಂಕರಿ ಎರಡನೇ ಸ್ಟೇಜಿನಲ್ಲಿದ್ದೇನೆ. ಈಗ ಅವರಿಗೆ ಐ-130, ಅಂದರೆ ಗ್ರೀನ್‌ಕಾರ್ಡಿಗೆ ನಾನು ಹಾಕಬೇಕಾದ ಮೊದಲ ಅರ್ಜಿ, ಹಾಕಲು ಕೂತಿದ್ದೇವೆ. ಫಿಸಿಕಲ್ ಅಡ್ರೆಸ್ ಕೇಳುವ ಕಡೆ ಸಿಕ್ಕಿಕೊಂಡಿದ್ದೇನೆ. ಇಲ್ಲಿನ ವಿಳಾಸ ಕೊಟ್ಟರೆ ಅರ್ಜಿ ವಾಪಸ್ ಬರುತ್ತದೆ ಅಂತ ಸಂಬಂಧಿಕರೊಬ್ಬರು ಹೆದರಿಸಿದ್ದಾರೆ. ನ್ಯೂಜೆರ್ಸಿಯಲ್ಲಿ ಅಣ್ಣನ ಮನೆ ಇದೆ, ಅದನ್ನೇ ಹಾಕಿಬಿಡಲಾ? ಇನ್ನೊಂದು, ನಮ್ಮ ವಿಳಾಸ ಆ ಡಬ್ಬಿಗಳಲ್ಲಿ ಹಿಡಿಸುತ್ತಿಲ್ಲ. ಹಳೇ ನಂಬರ್, ಹೊಸ ನಂಬರ್, ಕ್ರಾಸ್, ಮೇನ್, ದೇವಸ್ಥಾನದ ಹಿಂದೆ...

ಬೈಟು_ಕಾಫಿ:
ಬೇಡ ಮೇಡಂ. ಮಲಗಿ ಏಳುವ ಮನೆ ಯಾವುದೋ ಅದನ್ನೇ ಬರೆಯಿರಿ. ಅಮೆರಿಕದ ಪ್ರಜೆ ಹೊರದೇಶದಲ್ಲಿ ಕೂತು ಐ-130 ಹಾಕಬಹುದು. ಅಣ್ಣನ ವಿಳಾಸ ಬೇಕಿದ್ದರೆ ಮೇಲಿಂಗ್ ಅಡ್ರೆಸ್ಸಿಗೆ ಕೊಡಿ, ಕೇರ್ ಆಫ್ ಜಾಗದಲ್ಲಿ ಅವರ ಹೆಸರು ಹಾಕಿ. ಟಪಾಲು ಅಲ್ಲಿಗೆ ಹೋಗುತ್ತದೆ, ಅಷ್ಟೇ.

ಸುಳ್ಳು ವಿಳಾಸ ನಿಲ್ಲುವುದೂ ಇಲ್ಲ. ನಿಮ್ಮ 5 ವರ್ಷದ ವಿಳಾಸ ಕೇಳುತ್ತಾರೆ. ಜೊತೆಗೆ ಕೊಡುವ ಯಜಮಾನರ ವಿವರದ ಐ-130ಎ ಫಾರಂನಲ್ಲೂ 5 ವರ್ಷದ್ದು ಕೇಳುತ್ತಾರೆ. ಸಾಲದ್ದಕ್ಕೆ, ಗಂಡ-ಹೆಂಡತಿ ಕೊನೆಗೆ ಒಟ್ಟಿಗಿದ್ದ ವಿಳಾಸ ಯಾವುದು ಅಂತ ಬೇರೆ ಪ್ರಶ್ನೆ ಇದೆ. ಒಂದೇ ಸೂರಿನಡಿ ಇದ್ದೀರಿ ಅನ್ನೋದೇ ಮದುವೆ ನಿಜ ಅನ್ನೋದಕ್ಕೆ ಒಳ್ಳೆ ಸಾಕ್ಷಿ, ಅಲ್ವಾ? ಅದನ್ನು ಕೈಯಾರೆ ಯಾಕೆ ಕೆಡಿಸಿಕೊಳ್ಳುತ್ತೀರಿ?

ಡಬ್ಬಿ ವಿಷಯ: ಮನೆ ನಂಬರ್, ಕ್ರಾಸ್, ಮೇನ್ ರಸ್ತೆಯ ಸಾಲಿಗೆ. ಸ್ಟೇಟ್, ಜಿಪ್ ಕೋಡ್ ಅಮೆರಿಕದ ವಿಳಾಸಕ್ಕೆ, ಖಾಲಿ ಬಿಡಿ. ಕರ್ನಾಟಕ ಅಂತ ಪ್ರಾವಿನ್ಸ್ ಕಡೆ, ಪಿನ್ ಕೋಡ್ ಪೋಸ್ಟಲ್ ಕೋಡ್ ಕಡೆ. ಹಿಡಿಸದೆ ಉಳಿದದ್ದು ಕೊನೆಯ ಹೆಚ್ಚುವರಿ ಮಾಹಿತಿ ಪುಟಕ್ಕೆ. ದೇವಸ್ಥಾನ ಬಿಡಿ, ಅದು ಸ್ವಿಗ್ಗಿ ಹುಡುಗನಿಗೆ ಸಾಕು. ಯಜಮಾನರ ಹೆಸರು, ವಿಳಾಸವನ್ನು ಅವರ ಭಾಷೆಯ ಲಿಪಿಯಲ್ಲೂ ಕೇಳುತ್ತಾರೆ. ಅಲ್ಲಿ ಧಾರಾಳವಾಗಿ ಕನ್ನಡದಲ್ಲಿ ಬರೆಯಿರಿ.

ಬನಶಂಕರಿ_ಸೊಸೆ:
ಹಾಗಾದರೆ ಸ್ಪಾನ್ಸರ್, ಅಂದರೆ ಅರ್ಜಿ ಹಾಕುವ ನಾನು, ಅಮೆರಿಕದಲ್ಲಿರಬೇಕು ಅನ್ನೋದು ಸುಮ್ನೆ ಮಾತಾ?

ಪೇಪರ್_ಪುಟ್ಟಣ್ಣ:
ಸುಮ್ನೆ ಮಾತಲ್ಲ, ಆದರೆ ಅದು ಬರೋದು ಮುಂದೆ. ಐ-130 ಪಾಸಾದ ಮೇಲೆ ಐ-864 ಕೊಡಬೇಕು, ಗಂಡನ ಖರ್ಚಿನ ಹೊಣೆ ಹೊರುವ ಪತ್ರ. ಅದರಲ್ಲಿ ಡೊಮಿಸೈಲ್, ಅಂದರೆ ಕಾಯಂ ನೆಲೆ ಎಲ್ಲಿ ಅಂತ ಪ್ರತ್ಯೇಕವಾಗಿ ಕೇಳುತ್ತಾರೆ. ನೀವು ಇಲ್ಲಿದ್ದರೂ ಪರವಾಗಿಲ್ಲ. ಗಂಡ ಅಲ್ಲಿ ಕಾಲಿಡುವ ಹೊತ್ತಿಗೆ ನೀವೂ ಅಲ್ಲೇ ನೆಲೆಸಿರುತ್ತೀರಿ ಅಂತ ತೋರಿಸಬೇಕು. ಬಾಯಿಮಾತು ನಡೆಯೋದಿಲ್ಲ. ಅಲ್ಲಿನ ಬ್ಯಾಂಕ್ ಖಾತೆ, ವೋಟರ್ ನೋಂದಣಿ, ಕೆಲಸದ ಆಫರ್, ಬಾಡಿಗೆ ಕರಾರು, ಮಕ್ಕಳಿದ್ದರೆ ಶಾಲೆಗೆ ಸೇರಿಸಿದ ಕಾಗದ, ಇಂಥವು ಬೇಕು. ಅಣ್ಣನ ವಿಳಾಸ ಕೆಲಸಕ್ಕೆ ಬರೋದು ಇಲ್ಲೇ. 'ಬಂದ ಮೇಲೆ ನಮ್ಮ ಮನೆಯಲ್ಲೇ ಇರುತ್ತಾರೆ' ಅಂತ ಅವರಿಂದ ಪತ್ರ ಬರೆಸಿಕೊಳ್ಳಿ. ಮಿಕ್ಕ ಕಾಗದಗಳ ಜೊತೆ ಅದನ್ನೂ ಸೇರಿಸಿ.

ಟ್ಯಾಕ್ಸ್ ರಿಟರ್ನ್ ಸಲ್ಲಿಸಿದ್ದೀರಾ? ಪ್ರಜೆ ಆದಮೇಲೆ ಬೆಂಗಳೂರಲ್ಲಿ ದುಡಿದರೂ ಅಮೆರಿಕಕ್ಕೆ ಲೆಕ್ಕ ಕೊಡಬೇಕು. ಐ-864 ಜೊತೆ ಇತ್ತೀಚಿನ ವರ್ಷದ್ದು ಕೇಳುತ್ತಾರೆ. ಜಾಸ್ತಿ ಜನ ಎಡವೋದು ಇಲ್ಲೇ.

ಬನಶಂಕರಿ_ಸೊಸೆ:
ಅಯ್ಯೋ, ಎರಡು ವರ್ಷದ್ದು ಬಾಕಿ ಇದೆ. ಅಣ್ಣ ಜಾಯಿಂಟ್ ಸ್ಪಾನ್ಸರ್ ಆಗಿ ನನ್ನ ಜೊತೆ ಖರ್ಚಿನ ಹೊಣೆ ಹೊರುತ್ತೇನೆ ಅಂದಿದ್ದಾನೆ. ಆಗ ನನಗೆ ಈ ಡೊಮಿಸೈಲ್ ತಲೆನೋವು ತಪ್ಪುತ್ತದಾ?

ಪೇಪರ್_ಪುಟ್ಟಣ್ಣ:
ತಪ್ಪೋದಿಲ್ಲ ತಾಯಿ. ಅವರು ತುಂಬಿಕೊಡೋದು ಆದಾಯದ ಕೊರತೆಯನ್ನು ಮಾತ್ರ. ನಿಮ್ಮ ಐ-864 ನೀವೇ ಕೊಡಬೇಕು, ಡೊಮಿಸೈಲ್ ನಿಮ್ಮದೇ ಇರಬೇಕು. ಐ-130ಗೆ ಇದ್ಯಾವುದೂ ಅಡ್ಡ ಬರೋದಿಲ್ಲ, ಇಲ್ಲಿನ ವಿಳಾಸ ಹಾಕಿ ಈಗಲೇ ಕಳಿಸಿ. ಅದು ಪಾಸಾಗಿ ಬರುವಷ್ಟರಲ್ಲಿ ಬಾಕಿ ರಿಟರ್ನ್ ಮುಗಿಸಿಕೊಳ್ಳಿ.